ಇಳಿಸಿಟ್ಟ ಹಂಚು, ಕುಸಿದ ಮಾಡು

ಜೀಪಿನಿಂದ ಇಳಿಯದೆಯೇ ಕಟ್ಟಡದ ಆಯುಷ್ಯ ಹೇಳಬಲ್ಲ ಸುರಕ್ಷತಾ ಅಧಿಕಾರಿಗಳೇ,

ನಮ್ಮ ಗುಡ್ಡದ ಕ್ರೈಸ್ತರ ಹಳೆಯ ಇಗರ್ಜಿಯ ಹಂಚಿನ ಮಾಡು ಕುಸಿದಿದೆ, ಆದ್ದರಿಂದ ಮಳೆಗಾಲಕ್ಕೆ ಮೊದಲೇ ಕಟ್ಟಡವನ್ನು ಕೆಡವಬೇಕು ಎಂದು ತಾವು ಆದೇಶ ಹೊರಡಿಸಿದ್ದೀರಿ. ನನ್ನ ಅಜ್ಜಿಯ ಅಜ್ಜಿ ಕಂಡ ಮಾಡು ತಾವು ಬಂದ ದಿನವೇ ಕುಸಿಯಿತಲ್ಲ, ನೆಲಕ್ಕೆ ತಾಗದ ತಮ್ಮ ಕಾಲ್ಗುಣವನ್ನು ಮೆಚ್ಚಬೇಕು. ಒಂದೇ ಸಂಶಯ. ಕುಸಿದ ಹಂಚುಗಳು ಒಂದೂ ಒಡೆಯದೆ ಅಂಗಳಕ್ಕೆ ಬಂದು, ಗೋಡೆಗೊರಗಿ ಸಾಲಾಗಿ ನಿಂತದ್ದು ತಮಗೆ ವಿಚಿತ್ರವೆನಿಸಲಿಲ್ಲವೇ?

ಈ ಕಡೆ ಪ್ರತಿ ವರ್ಷ ಮಳೆಗೆ ಮುಂಚೆ ಹಂಚು ಕೈಯಾಡಿಸುತ್ತಾರೆ. ಎಲ್ಲವನ್ನೂ ಕೆಳಗಿಳಿಸಿ, ಪಾಚಿ ಉಜ್ಜಿ, ಬಿರುಕು ಬಿಟ್ಟದ್ದನ್ನು ಬದಲಿಸಿ, ಮತ್ತೆ ಹೊದಿಸುತ್ತಾರೆ. ತಾವು ಬಂದದ್ದು ಆ ಕೆಲಸದ ನಟ್ಟನಡುವೆ. ಮೇಲೆ ಕುಳಿತಿದ್ದ ಕೆಲಸದ ಶೀನ, "ಸಾರ್, ಇದು ಬಿದ್ದದ್ದಲ್ಲ, ನಾವೇ ತೆಗೆದದ್ದು. ನಾಳೆ ಪುನಃ ಹಾಕ್ಲಿಕ್ಕುಂಟು!" ಎಂದು ಕೂಗಿದ್ದನ್ನು ಅಂಗಳದಲ್ಲಿದ್ದ ನಾನೂ ಕೇಳಿದೆ. ತಾವು ಫೋಟೊ ತೆಗೆದು ಗಾಜು ಏರಿಸಿದಿರಿ. ಅದೇ ಜಾಗಕ್ಕೆ ವಾಣಿಜ್ಯ ಸಂಕೀರ್ಣದ ನಕ್ಷೆ ಕಳೆದ ದೀಪಾವಳಿಯಿಂದಲೇ ತಮ್ಮ ಕಚೇರಿಯ ಗೋಡೆಯಲ್ಲಿ ತೂಗುತ್ತಿರುವುದಕ್ಕೂ ಈ ಅವಸರಕ್ಕೂ ಸಂಬಂಧವಿಲ್ಲವೆಂದು ನಂಬೋಣ. ನಂಬುವುದರಲ್ಲಿ ನಮ್ಮೂರಿನವರು ಯಾರಿಗೂ ಕಡಿಮೆಯಿಲ್ಲ.

"ನೀವು ಹಿಂದೂಗಳಲ್ವಾ, ನಿಮಗೆಂತಕ್ಕೆ ಇಗರ್ಜಿಯ ಉಸಾಬರಿ?" ಎಂದು ತಮ್ಮ ಕಚೇರಿಯಲ್ಲೇ ಒಬ್ಬರು ಕೇಳಿದರು. ಹೇಳುತ್ತೇನೆ. ಕಳೆದ ಆಟಿ ತಿಂಗಳ ಮಳೆಗೆ ನಮ್ಮ ಹೊಸ ತಾರಸಿ ಮನೆ ಸೋರಿ, ಬಾಣಂತಿ ಮಗಳು ಹರ್ಷಿಣಿಯ ಹಾಸಿಗೆಯೇ ನೆನೆಯಿತು. ಇಗರ್ಜಿಯ ಉಸ್ತುವಾರಿ ನೋಡುವ ಗುರಿಕಾರ ಕ್ಲಾರೆನ್ಸರು ಬಾಗಿಲು ತೆರೆದು ಕರೆದರು. ಹೆರಿಗೆಯ ಸೂತಕ ಕಳೆದಿರಲಿಲ್ಲ. ದೇವರಿರುವಲ್ಲಿಗೆ ಹೇಗೆ ಬರುವುದೆಂದು ನಾನು ಮೆಟ್ಟಿಲಲ್ಲೇ ನಿಂತೆ.

"ಅದನ್ನೆಲ್ಲ ದೇವರೇ ನೋಡಿಕೊಳ್ತಾರೆ ಅಕ್ಕ. ಮೊದಲು ಒಳಗೆ ಬನ್ನಿ, ಮಗು ನೆನೆದು ಚಂಡಿ ಆಗುವುದು ಬೇಡ" ಎಂದರು.

ಮಳೆ ಬಿಡುವವರೆಗೆ ಆ ಕೂಸು ಅಲ್ತಾರಿನ ಪೂಜಾಪೀಠದ ಪಕ್ಕದಲ್ಲಿ ಮಲಗಿತ್ತು. ಮೈಮೇಲೆ ಒಂದು ಹನಿ ಬೀಳಲಿಲ್ಲ. ಆ ಮಾಡನ್ನು ತಾವು ಅಪಾಯಕಾರಿ ಎನ್ನುತ್ತೀರಿ ಸ್ವಾಮಿ.

ಆದೇಶವನ್ನು ಈಗಲೇ ತಡೆಹಿಡಿಯಿರಿ. ಹಂಚು ಹೊದಿಸಿ ಆಗಿದೆ. ಮೊದಲ ಜಡಿಮಳೆಯ ದಿನ ಬಂದು, ದಯವಿಟ್ಟು ಜೀಪಿನಿಂದ ಇಳಿದು, ಒಳಗಿನ ಬೆಂಚಿನಲ್ಲಿ ಕುಳಿತುಕೊಳ್ಳಿ. ತಮ್ಮ ಇಸ್ತ್ರಿ ಅಂಗಿಯ ಮೇಲೆ ಒಂದು ಹನಿ ಬಿದ್ದರೂ ಕೆಡವಲು ಹಾರೆ ನಾನೇ ತರುತ್ತೇನೆ. ಬೀಳದಿದ್ದರೆ ಅಲ್ಲೇ ಆದೇಶ ಹಿಂಪಡೆಯಿರಿ. ಮೊಮ್ಮಗುವನ್ನು ಕರೆದುಕೊಂಡು ನಾವೂ ಅಲ್ಲೇ ಇರುತ್ತೇವೆ, ಯಾಕೆಂದರೆ ನಮ್ಮ ತಾರಸಿ ಇನ್ನೂ ಸೋರುತ್ತಿದೆ. ಅದು ಸುಭದ್ರವೆಂದು ತಮ್ಮ ಕಚೇರಿಯೇ ಕೊಟ್ಟ ಪ್ರಮಾಣಪತ್ರ ಮಾತ್ರ ಕಪಾಟಿನಲ್ಲಿ ಒಣಗಿಯೇ ಇದೆ.

ಇಂತಿ,
ಪ್ರಮಾಣೀಕೃತ ಸೂರಿನ ಕೆಳಗೆ ಬಾಲ್ದಿ ಇಟ್ಟು ಮಲಗುವ
ಸ್ವರ್ಣಲತಾ, ಕುಕ್ಕುಂದೂರು