ಸಭೆಯ ಮೇಜಿಗೆ ಹಾಸಿದ ಬಾವಲಿ ಬಟ್ಟೆ

ಕಟ್ಟಡದ ಉಸ್ತುವಾರಿ ಹೊತ್ತ ಮಾನ್ಯರೇ,

ಇಂದು ಬೆಳಗ್ಗೆ ನಿಮ್ಮ ಸಭೆಯ ಮೇಜಿಗೆ ಹಾಸಿದ್ದ ಬಿಳಿ ಬಟ್ಟೆಯಲ್ಲಿ, ನಿಮ್ಮ ಚಹಾ ಲೋಟದ ಪಕ್ಕದಲ್ಲೇ, ಒಂದು ಕಂದು ಕಲೆ ಕಂಡೆ. ಅದು ಬಾವಲಿ ಹಿಕ್ಕೆಯ ಕಲೆ. ಆ ಬಟ್ಟೆಯ ಮೇಲೆ ನನ್ನ ಅಕ್ಕನ ಒಂದು ತಿಂಗಳ ಸಂಶೋಧನೆ ಇತ್ತು. ಅದನ್ನು ಒಗೆಸಿ, ಗಂಜಿ ಹಾಕಿಸಿ, ಇಸ್ತ್ರಿ ಮಾಡಿಸಿದ್ದು ನಿಮ್ಮ ಸ್ವಚ್ಛತಾ ಆದೇಶ.

ನಮ್ಮ ಗ್ರಂಥಾಲಯದ ಅಟ್ಟದಲ್ಲಿ ಹೆಬ್ಬೆರಳುದ್ದದ ಬಾವಲಿಗಳು ತಲೆಕೆಳಗಾಗಿ ಸಂಸಾರ ಹೂಡಿವೆ. ಊಟಕ್ಕೇನು ಎಂದು ಅವನ್ನೇ ಕೇಳುವಂತಿಲ್ಲವಲ್ಲ? ಅದಕ್ಕೆ ಅಕ್ಕ ಕೆಳಗೆ ಬಟ್ಟೆ ಹಾಸುತ್ತಾಳೆ. ಬಿದ್ದ ಹಿಕ್ಕೆಯನ್ನು ಚಿಮುಟದಿಂದ ಬಿಡಿಸಿ, ಅದರೊಳಗೆ ಪತಂಗದ ರೆಕ್ಕೆ, ಸೊಳ್ಳೆಯ ಕಾಲು ಹುಡುಕುತ್ತಾಳೆ. ಇದೂ ಒಂದು ಓದು ಎಂದು ಅಮ್ಮನನ್ನು ಒಪ್ಪಿಸಲು ಎರಡು ವರ್ಷ ಹಿಡಿಯಿತು. ಆದೇಶಕ್ಕೆ ಸಹಿ ಹಾಕಲು ನಿಮಗೆಷ್ಟು ಹೊತ್ತು ಬೇಕಾಯಿತು?

"ಯಾರ್ದಪ್ಪಾ ಇಷ್ಟು ಗಲೀಜು ಅಂತ ಮೂರು ಸಲ ಒಗ್ದೆ ಕಣಮ್ಮಾ," ಎಂದರು ಕಸ ಗುಡಿಸುವ ಅಜ್ಜಿ, ಹೆಮ್ಮೆಯಿಂದ. ಅವರಿಗೆ ಅಟ್ಟದ ಬೀಗದ ಕೈ ಕೊಟ್ಟವಳು ನಾನೇ. ಆದೇಶ ತೋರಿಸಿದರೆ ಬೇಡವೆನ್ನಲು ನನಗೆ ಬಾಯಿ ಬರುವುದಿಲ್ಲ.

ಅಕ್ಕ ಬೈಯಲಿಲ್ಲ. "ಹೋಗ್ಲಿ ಬಿಡಿ ಅಜ್ಜಿ. ಅವು ಮತ್ತೆ ತಿಂತಾವೆ, ಮತ್ತೆ ಹಾಕ್ತಾವೆ," ಎಂದು ನಕ್ಕಳು.

ಆ ನಗು ನಿಮ್ಮ ಎರಡನೇ ಆದೇಶ ಬರುವ ತನಕ ಬಾಳಿತು: ಸೋಮವಾರ ಅಟ್ಟದ ಕಿಂಡಿಗಳನ್ನೆಲ್ಲ ಒಳಗಿನಿಂದ ಸಿಮೆಂಟು ಹಾಕಿ ಮುಚ್ಚುವುದು.

ಮಾನ್ಯರೇ, ಈಗ ಅಲ್ಲಿ ಮರಿಗಳಿವೆ. ತಾಯಿಗೊಂದೇ ಮರಿ, ಹಾರಲು ಇನ್ನೂ ಬಾರದು. ಸಂಜೆ ಹೊರಗೆ ಹೋದ ತಾಯಿ ಮರಳಿ ಬಂದು, ಅಷ್ಟೂ ಮರಿಗಳ ಗದ್ದಲದಲ್ಲಿ ತನ್ನದರ ದನಿ ಗುರುತಿಸಿ ಹಾಲೂಡಿಸುತ್ತದೆ. ಅಕ್ಕ ಬರೆದ ನಾಲ್ಕು ಅರ್ಜಿಗಳಲ್ಲಿ ಒಂದರ ದನಿಯಾದರೂ ನಿಮಗೆ ಕೇಳಿಸಿತೇ? "ಹಕ್ಕಿಗಳ ವಿಷಯ ನಮ್ಮ ಕಚೇರಿಯ ವ್ಯಾಪ್ತಿಗೆ ಬರುವುದಿಲ್ಲ" ಎಂದು ಉತ್ತರಿಸಿದಿರಿ. ಹಾಲೂಡಿಸುವ ಹಕ್ಕಿ! ಸಾಹಿತ್ಯ ಓದಿದ ನನಗೂ ಇಂಥ ಕಲ್ಪನೆ ಹೊಳೆದಿರಲಿಲ್ಲ.

ನಮ್ಮ ಬೇಡಿಕೆ ಇಷ್ಟೇ: ಆರು ವಾರ ತಡೆಯಿರಿ. ಮರಿಗಳು ಹಾರಲು ಕಲಿಯಲಿ. ಆಮೇಲೆ ಕಿಂಡಿಯ ಮಾತಾಡೋಣ. ಬಟ್ಟೆಯನ್ನು ಬೇಕಾದರೆ ನೀವೇ ಇಟ್ಟುಕೊಳ್ಳಿ.

ಇದನ್ನೆಲ್ಲ ಬೆಳಗ್ಗೆಯೇ ಎದುರಿಗೆ ಹೇಳಬೇಕೆಂದಿದ್ದೆ. ಸಭೆಗೆ ನೀವು ತರಿಸಿಕೊಂಡ ರಿಜಿಸ್ಟರ್ ಮೇಜಿನ ಮೇಲಿಟ್ಟು, ತಲೆ ತಗ್ಗಿಸಿ ಬಂದುಬಿಟ್ಟೆ. ಆದರೆ ಅಟ್ಟಕ್ಕಿರುವುದು ಒಂದೇ ಬೀಗದ ಕೈ, ಅದು ಇರುವುದು ನನ್ನ ಡ್ರಾಯರಿನಲ್ಲಿ. ಸೋಮವಾರದಿಂದ ಆರು ವಾರ ರಜೆ ಬರೆದಿದ್ದೇನೆ. ಬೀಗದ ಕೈಯೂ ನನ್ನ ಜೊತೆಗೆ ಹೊರಟಿದೆ.

ಇಂತಿ,
ಸುಳ್ಳು ಹೇಳಲು ಬಾರದೆ ಎಲ್ಲವನ್ನೂ ಬರೆದುಬಿಟ್ಟ
ನಿಮ್ಮ ಗ್ರಂಥಾಲಯದ ಸಹಾಯಕಿ