ಲಿವರ್ ವಿಭಾಗದ ಬಾಗಿಲಿನ ಬೋರ್ಡು

ಮಾನ್ಯ ವೈದ್ಯಕೀಯ ಅಧೀಕ್ಷಕರೇ,

ನಿಮ್ಮ ಆಸ್ಪತ್ರೆಯ ಲಿವರ್ ವಿಭಾಗದ ಬಾಗಿಲಿಗೆ ಒಂದು ಬೋರ್ಡು ಹಾಕಿಸಿದ್ದೀರಿ: 'ನಾಟಿ ಔಷಧಿ ಸೇವಿಸುವವರಿಗೆ ಇಲ್ಲಿ ಚಿಕಿತ್ಸೆ ಇಲ್ಲ.' ಕೆಂಪು ಬಣ್ಣ, ಮುತ್ತಿನಂಥ ಅಕ್ಷರ. ಅದನ್ನು ಇಳಿಸಿ ಎಂದು ಕೇಳಲು ಈ ಪತ್ರ. ನನ್ನ ತಂಗಿ ಅದನ್ನು ಓದಿದ್ದಳು. ಓದು ಬಾರದವಳಾಗಿದ್ದರೆ ಬದುಕುತ್ತಿದ್ದಳೇನೋ.

ತಂಗಿ ಟೈಲರ್. ಅಂಗಿಯ ಅಳತೆ ತೆಗೆಯುತ್ತಲೇ ಬಂದವರ ಹೊಟ್ಟೆ ಹುಣ್ಣಾಗುವಂತೆ ನಗಿಸುತ್ತಿದ್ದವಳು. ಲಿವರಿಗೆ ವೈರಸ್ ಸೇರಿ ವರ್ಷಗಳಾಗಿದ್ದವು. ನಿಮ್ಮ ಮಾತ್ರೆಯನ್ನು ಒಂದು ದಿನವೂ ತಪ್ಪಿಸಿದವಳಲ್ಲ. ಆದರೆ ಮಾತ್ರೆ ರೋಗವನ್ನು ಹತೋಟಿಯಲ್ಲಿಡುತ್ತದೆಯೇ ಹೊರತು ಓಡಿಸುವುದಿಲ್ಲ, ಜೀವಮಾನವಿಡೀ ನುಂಗುತ್ತಿರಿ ಎಂದಿರಿ. ಹಾಗೆಂದರೆ ಯಾರಿಗಾದರೂ ಇನ್ನೊಂದು ಬಾಗಿಲು ತಟ್ಟೋಣ ಅನ್ನಿಸದೇ? ತಟ್ಟಿದಳು. ಬೇರಿನ ಕಷಾಯ ಕೊಡುವ ಆ ನಾಟಿ ಪಂಡಿತನದೂ ನಿಮ್ಮದೇ ಜಾತಕ: "ಇಂಗ್ಲಿಷ್ ಮಾತ್ರೆ ನುಂಗೋರು ನನ್ನ ಹೊಸ್ತಿಲು ತುಳೀಬೇಡಿ." ಅತ್ತ ದರಿ, ಇತ್ತ ಪುಲಿ. ಪಂಡಿತನ ಕಣ್ಣು ತಪ್ಪಿಸಲು ಮಾತ್ರೆಗಳನ್ನು ಹೊಲಿಗೆ ಮೆಷಿನ್ನಿನ ಬಾಬಿನ್ ಡಬ್ಬಿಯಲ್ಲಿಟ್ಟಳು. ನಿಮ್ಮಲ್ಲಿಗೆ ಬರುವ ಮುನ್ನ ಕಷಾಯದ ಕಪ್ಪು ಹೋಗುವಂತೆ ನಾಲಿಗೆ ಉಜ್ಜಿಕೊಂಡಳು. ಇಬ್ಬರು ಹೆಂಡಿರ ಗಂಡನೂ ಇಷ್ಟು ನಾಜೂಕಾಗಿ ಸಂಸಾರ ಮಾಡಿರಲಾರ.

ಲಿವರಿಗೆ ಮಾತ್ರ ಸುಳ್ಳು ಹೇಳಲಾಗಲಿಲ್ಲ. ಕಣ್ಣು ಹಳದಿಯಾಯಿತು.

"ಬೇರೆ ಏನಾದ್ರೂ ಕುಡೀತಿದ್ದೀಯೇನಮ್ಮಾ?" ಎಂದರು ನಿಮ್ಮ ವೈದ್ಯರು.

"ಇಲ್ಲ ಸಾರ್."

"ಹಾಗಾದ್ರೆ ಮಾತ್ರೆ ತಪ್ಪಿಸಿದ್ದೀಯ."

ಮಾತ್ರೆ ಬದಲಾಯಿತು, ಬೈಗುಳ ಬದಲಾಗಲಿಲ್ಲ. ನಿಲ್ಲಿಸು ಎನ್ನುವವರಿಲ್ಲದೆ ಕಷಾಯ ನಡೆದೇ ಇತ್ತು.

ನನಗೆ ತಿಳಿದದ್ದು ಅವಳು ವಾರ್ಡು ಸೇರಿದ ಮೇಲೆ. "ಅಣ್ಣಾ, ಒಲೆ ಹಿಂದೆ ಒಂದು ಬಾಟ್ಲಿ ಇದೆ, ಚೆಲ್ಬಿಡು."

"ಏನೇ ಅದು?"

"ಬೇರಿನ ಕಷಾಯ. ಎರಡು ಮನೆ ಊಟ ಕಣೋ ನಂದು." ನಗಲು ನೋಡಿದಳು. ನಾನು ಎದ್ದೆ. ಮಣಿಕಟ್ಟು ಹಿಡಿದಳು. "ಡಾಕ್ಟ್ರಿಗೆ ಹೇಳ್ಬೇಡ್ವೋ. ಹಾಸಿಗೆಯಿಂದ ಎಬ್ಬಿಸಿ ಕಳಿಸ್ತಾರೆ."

ಕೈ ಬಿಡಿಸಿಕೊಂಡು ಹೋಗಿ ಹೇಳಿದೆ. ವೈದ್ಯರು ಪೆನ್ನು ಕೆಳಗಿಟ್ಟರು. "ಮೊದಲೇ ಹೇಳಿದ್ರೆ ಅದನ್ನ ನಿಲ್ಲಿಸಿ ನೋಡ್ತಿದ್ವಲ್ರೀ! ಯಾಕೆ ಮುಚ್ಚಿಟ್ರಿ?" ನಾನು ಬಾಗಿಲ ಕಡೆ ಬೆರಳು ತೋರಿಸಿದೆ.

ಮರಳಿ ಬಂದಾಗ, "ಕಳಿಸ್ತಾರೇನೋ?" ಎಂದಳು. ಇಲ್ಲ ಕಣೇ ಎಂದೆ. ನಂಬಲಿಲ್ಲ. ಪ್ರಾಣ ಹೋಗುವವರೆಗೂ ಮಂಚದ ಕಂಬಿಯನ್ನು ಬಿಗಿಯಾಗಿ ಹಿಡಿದೇ ಇದ್ದಳು.

ರೋಗ ಕೊಂದಿತೋ, ಬೇರು ಕೊಂದಿತೋ ನನಗೆ ಗೊತ್ತಿಲ್ಲ. ನಿಮಗೂ ಗೊತ್ತಿಲ್ಲ. ಗೊತ್ತಾಗದ ಹಾಗೆ ನೋಡಿಕೊಂಡದ್ದು ಆ ಬೋರ್ಡು. ಪಂಡಿತನ ಜೊತೆ ಅವನ ಹೊಸ್ತಿಲಲ್ಲೇ ಜಗಳವಾಡಿ ಬಂದೆ. ನಿಮ್ಮ ಹೊಸ್ತಿಲಲ್ಲಿ ಕಾವಲುಗಾರನಿದ್ದಾನೆ, ಅದಕ್ಕೇ ಪತ್ರ.

ಬೋರ್ಡು ಇಳಿಸಿ. 'ಏನು ಕುಡಿಯುತ್ತಿದ್ದರೂ ಹೇಳಿ, ಯಾರೂ ಹೊರಗೆ ಕಳಿಸುವುದಿಲ್ಲ' ಎಂದು ಬೇರೆಯದನ್ನು ಹಾಕಿಸಿ. ಬಣ್ಣಕ್ಕೆ ಮಂಜೂರಾತಿ ಬೇಕೆನ್ನುವುದಾದರೆ ಅವಳ ಮೆಷಿನ್ ನಮ್ಮ ಮನೆಯಲ್ಲಿದೆ, ಬಟ್ಟೆಯ ಮೇಲೆ ಹೊಲಿದು ತರುತ್ತೇನೆ. ನನಗೆ ಹೊಲಿಗೆ ಬರದು, ಅಕ್ಷರ ಸೊಟ್ಟಗಾದೀತು. ಸುಳ್ಳಾಗದ ಹಾಗೆ ನೋಡಿಕೊಳ್ಳುವುದು ನಿಮ್ಮ ಕೆಲಸ.

ಇಂತಿ,
ಆ ಬೋರ್ಡಿನ ಕೆಳಗಿನ ಬೆಂಚಿನಲ್ಲಿ ತಂಗಿಗಾಗಿ ಕಾಯುತ್ತಿದ್ದ ಅಣ್ಣ