ಬಿರುಕು ಬಿಡದ ಪಿಸ್ತೂಲು

ಮಾರ್ಚ್ ೧೪, ಗುರುವಾರ

ನನ್ನ ಚಿನಕುರುಳಿ ತಂಗಿಗೆ,

ನಿನ್ನ ಕಾಗದ ಬಂದು ನಾಲ್ಕು ತಿಂಗಳಾಯಿತು. ದಿನಾ ಉತ್ತರ ಬರೆಯಲು ಕೂರುತ್ತೇನೆ, ಪೆನ್ನಿನ ಕ್ಯಾಪು ತೆಗೆಯುತ್ತೇನೆ, ಮತ್ತೆ ಹಾಕುತ್ತೇನೆ. "ಆ ಪೆನ್ನನ್ನೇನು ಗಾಳಿಗೆ ಬಿಡ್ತಿದೀರಾ?" ಎಂದು ನಿನ್ನ ಅತ್ತಿಗೆ ಹಂಗಿಸಿದಳು. ತಡವಾದದ್ದಕ್ಕೆ ಬೈದುಕೋ. ಆದರೆ ಪೂರ್ತಿ ಓದಿದ ಮೇಲೆ ಬೈ, ಆಗ ಎಲ್ಲಕ್ಕೂ ಸೇರಿಸಿ ಬೈಯಬಹುದು.

ನಾವು ಹೇಗೋ ಇದ್ದೇವೆ. ಅವಳ ಮಂಡಿನೋವು ಹಾಗೇ ಇದೆ. ನನ್ನ ಎಡಗಿವಿ ಪೂರ್ತಿ ಹೋಯಿತು. ಅವಳು ಹೇಳುವುದು ಅರ್ಧವೇ ಕೇಳಿಸುವುದರಿಂದ ಸಂಸಾರ ಸಾಗುತ್ತಿದೆ. ನೀನು ಊಟ ಸರಿಯಾಗಿ ಮಾಡುತ್ತಿಲ್ಲವೆಂದು ನಿನ್ನ ಸೊಸೆ ಫೋನಿನಲ್ಲಿ ಹೇಳಿದಳು. ಮಾಡು ಎಂದು ಹೇಳಲು ನನಗೆ ಯಾವ ಮುಖವಿದೆ?

ನೀನು ಎರಡು ಪ್ರಶ್ನೆ ಕೇಳಿದ್ದೆ. ಒಂದು, "ಅಣ್ಣಾ, ಅವತ್ತು ಕರಡಿ ಮೇಲೆ ಬಿದ್ದಾಗ ನನ್ನ ಮಗನ ಪಿಸ್ತೂಲಿಂದ ಎರಡನೇ ಗುಂಡು ಯಾಕೆ ಹಾರಲಿಲ್ಲ? ಅದು ನೀನು ಸರಿಮಾಡಿ ಕೊಟ್ಟಿದ್ದಲ್ವಾ?" ಇನ್ನೊಂದು, ಆ ರಬ್ಬರ್ ಚೆಂಡಿನ ಮಾತು. ಮೊದಲನೆಯದಕ್ಕೆ ಈಗ ಉತ್ತರ ಬರೆಯುತ್ತೇನೆ.

ಕಾಡು ಕಾಯುವವರ ಸೊಂಟದಲ್ಲಿರುವ ಪಿಸ್ತೂಲಿಗೆ ಹಾಕುವುದು ಬಲವಾದ ತೋಟಾ. ದೊಡ್ಡ ಪ್ರಾಣಿಯನ್ನು ನಿಲ್ಲಿಸಬೇಕಲ್ಲ. ಆದರೆ ಮುಂದೆ ಎಷ್ಟು ಬಲವೋ ಹಿಂದೆಯೂ ಅಷ್ಟೇ ಬಲ. ಪ್ರತಿ ಗುಂಡಿಗೂ ಪಿಸ್ತೂಲಿನ ಮೇಲುಭಾಗ, ನಾವು ಸ್ಲೈಡ್ ಅನ್ನುವುದು, ಹಿಂದಕ್ಕೆ ಹಾರಿ ಕೆಳಗಿನ ಚೌಕಟ್ಟಿಗೆ ಸುತ್ತಿಗೆಯಂತೆ ಬಡಿಯುತ್ತದೆ. ಆ ಪೆಟ್ಟನ್ನು ತಡೆಯುವುದು ಒಂದೇ ಒಂದು ಸ್ಪ್ರಿಂಗು. ಹೋದ ವರ್ಷ ಮೂರು ಪಿಸ್ತೂಲುಗಳ ಚೌಕಟ್ಟುಗಳು ಸೀಳಿಹೋದವು. "ಯಜಮಾನ್ರೇ, ಇವು ನಾಲ್ಕು ವರ್ಷವೂ ಬಾಳಲ್ವಲ್ಲ, ಏನಾದ್ರೂ ಮಾಡಿ" ಎಂದು ಅರಣ್ಯ ಇಲಾಖೆಯ ನಮ್ಮ ಸಾಹೇಬರು ನನ್ನ ರಿಪೇರಿ ಮೇಜಿಗೆ ಬಂದು ಅಂದರು. ಗೋಡೆಗಡಿಯಾರ ಬಿಚ್ಚಿ ಬಿಚ್ಚಿ ವಿದ್ಯೆ ಕಲಿತ ನಿನ್ನ ಅಣ್ಣನಿಗೆ ಕೋಡು ಮೂಡಿತು.

ನಾನು ಹೆಚ್ಚು ಬಿಗಿಯ ಸ್ಪ್ರಿಂಗು ಹಾಕಿದೆ. ಸ್ಲೈಡ್ ಮೆತ್ತಗೆ ಹಿಂದೆ ಹೋಯಿತು, ಪೆಟ್ಟು ಇಳಿಯಿತು. ಆದರೆ ಬಿಗಿಯಾದ ಸ್ಪ್ರಿಂಗು ಅದೇ ಸ್ಲೈಡನ್ನು ಮೊದಲಿಗಿಂತ ಬೇಗ ಮುಂದಕ್ಕೆ ತಳ್ಳುತ್ತದೆ. ಅಷ್ಟರೊಳಗೆ ಹಿಡಿಯೊಳಗಿನ ತೋಟಾಗಳ ಡಬ್ಬಿ, ಅಂದರೆ ಮ್ಯಾಗಜಿನ್, ಮುಂದಿನ ತೋಟಾವನ್ನು ಮೇಲೆತ್ತಿಕೊಡಬೇಕು. ಅದನ್ನು ಎತ್ತುವುದೂ ಒಂದು ಸ್ಪ್ರಿಂಗೇ. ಆರುನೂರು ಗುಂಡು ಹಾರಿಸಿ ನೋಡಿದೆ ತಂಗಿ, ಒಂದೂ ತಪ್ಪಲಿಲ್ಲ. ಯಾಕೆ ಗೊತ್ತೇ? ಹಾರಿಸಿದ್ದು ನನ್ನ ಬೀರುವಿನಲ್ಲಿದ್ದ ಹೊಸ ಮ್ಯಾಗಜಿನ್‌ಗಳಿಂದ. ಕಾವಲುಗಾರರ ಬೆಲ್ಟಿನಲ್ಲಿದ್ದವು ವರ್ಷಗಟ್ಟಲೆ ತೋಟಾ ತುಂಬಿಕೊಂಡೇ ಕೂತು ಸೋತಂಥವು. ಅವುಗಳ ಸ್ಪ್ರಿಂಗನ್ನು ನಾನು ಮುಟ್ಟಲೇ ಇಲ್ಲ. ಎರಡೆತ್ತಿನ ಗಾಡಿಯಲ್ಲಿ ಒಂದನ್ನಷ್ಟೇ ಬದಲಿಸಿದರೆ ಏನಾಗುತ್ತದೆಂದು ನಮ್ಮಪ್ಪ ನಮಗೆ ಚಿಕ್ಕಂದಿನಲ್ಲೇ ಹೇಳಿಕೊಟ್ಟಿದ್ದ.

ನಿನ್ನ ಮಗನ ಮೊದಲ ಗುಂಡು ಕರಡಿಯ ಭುಜಕ್ಕೆ ತಗುಲಿತ್ತು. ಸ್ಲೈಡ್ ಮರಳಿ ಬಂದಾಗ ಎರಡನೇ ತೋಟಾ ಅರ್ಧ ಮೇಲೆದ್ದಿತ್ತು, ಓರೆಯಾಗಿ ಸಿಕ್ಕಿಕೊಂಡಿತು. ಪಿಸ್ತೂಲು ನನ್ನ ಮೇಜಿಗೇ ವಾಪಸು ಬಂತು. ಚೀಟಿಯಲ್ಲಿ ಅವನ ಹೆಸರಿರಲಿಲ್ಲ, ಬರೀ ನಂಬರು. ಭೂತಗನ್ನಡಿ ಇಟ್ಟು ಚೌಕಟ್ಟನ್ನೆಲ್ಲ ನೋಡಿದೆ. ಕೂದಲೆಳೆಯಷ್ಟೂ ಬಿರುಕಿಲ್ಲ. ಇನ್ನೂ ಇಪ್ಪತ್ತು ವರ್ಷ ಬಾಳುತ್ತದೆ. ನಾನು ಬಯಸಿದ್ದು ಅದನ್ನೇ.

ಸಾಹೇಬರ ಎದುರು ನಿಂತು ಎಲ್ಲ ಹೇಳಿದೆ. "ತೋಟಾ ದೋಷ ಅಂತ ವರದಿ ಹೋಗಿದೆ. ನೀವ್ಯಾಕೆ ಮೈಮೇಲೆ ಎಳ್ಕೋತೀರಿ? ಮನೆಗೆ ಹೋಗಿ ಮಲಗಿ" ಎಂದರು. ಬೈದಿದ್ದರೆ ಒಳ್ಳೆಯದಿತ್ತು. ಉಳಿದ ಇಪ್ಪತ್ತೆರಡು ಪಿಸ್ತೂಲುಗಳ ಮ್ಯಾಗಜಿನ್ ಸ್ಪ್ರಿಂಗನ್ನೆಲ್ಲ ಬದಲಿಸಿ, ಹಳೆಯ ಮ್ಯಾಗಜಿನ್‌ಗಳಿಂದಲೇ ಹಾರಿಸಿ ನೋಡಿ, ಬೀಗದ ಕೈ ಒಪ್ಪಿಸಿ ಕೆಲಸ ಬಿಟ್ಟು ಬಂದೆ. ಅದರಿಂದ ನಿನಗೇನು ಬಂತು? ಏನೂ ಇಲ್ಲ. ಸುಮ್ಮನೆ ತಿಳಿಸಿದೆ.

ನೀನು ಕ್ಷಮಿಸು ಎಂದು ಕೇಳಲು ಈ ಕಾಗದ ಬರೆದಿಲ್ಲ. ನೀನು ಕ್ಷಮಿಸಿದರೂ ನನಗೆ ಅದನ್ನು ಇಟ್ಟುಕೊಳ್ಳಲು ಜಾಗವಿಲ್ಲ. ನಿನ್ನ ಮೊಮ್ಮಗಳ ಓದು ನಿಲ್ಲದಿರಲಿ, ನಿನ್ನ ಸೊಸೆಯ ಕೈ ಸದಾ ನಿನ್ನ ಕೈಯಲ್ಲಿರಲಿ, ನನ್ನ ಪಾಲಿನ ಆಯುಸ್ಸು ಏನಾದರೂ ಉಳಿದಿದ್ದರೆ ಆ ಮಗುವಿಗೆ ಸೇರಲಿ.

ನಿನ್ನ
ಅಣ್ಣ

ತಾ.ಕ.: ಎರಡನೇ ಪ್ರಶ್ನೆ ಮರೆತೆನೆಂದು ಬಿಟ್ಟುಬಿಡೋಣ ಅಂದುಕೊಂಡೆ. "ಪೂರ್ತಿ ಹೇಳದಿದ್ರೆ ಆ ಕಾಗದ ಅಂಚೆಗೆ ಹಾಕಲೇಬೇಡಿ" ಎಂದಳು ನಿನ್ನ ಅತ್ತಿಗೆ.

ಕಿಟಕಿಯ ಕಟ್ಟೆ ಮೇಲೆ ಅವನ ನೀಲಿ ರಬ್ಬರ್ ಚೆಂಡು ಇನ್ನೂ ಇದೆ, ಮೂವತ್ತೈದು ವರ್ಷದ ಗಂಡಸು ದಿನಾ ಸಂಜೆ ಅದನ್ನು ಯಾಕೆ ಹಿಚುಕುತ್ತ ಕೂರುತ್ತಿದ್ದ ಎಂದು ನೀನು ಬರೆದಿದ್ದೆ. ಸಾಯುವ ಇಪ್ಪತ್ತು ದಿನ ಮೊದಲು ಅವನು ನನ್ನ ಮೇಜಿಗೆ ಬಂದಿದ್ದ. "ಮಾವ, ಅಭ್ಯಾಸದಲ್ಲಿ ಎರಡು ಸಲ ತೋಟಾ ಸಿಕ್ಕಿಹಾಕ್ಕೊಂಡಿತು. ಒಂಚೂರು ನೋಡ್ತೀಯಾ?" ಜೊತೆಗೆ ಅವನ ಗೆಳೆಯರು ಮೂವರಿದ್ದರು. ಮಣಿಕಟ್ಟು ಸಡಿಲವಿದ್ದರೂ ಹಾಗಾಗುತ್ತದೆ. ಯಾರೇ ಬಂದರೂ ನಾವು ಮೊದಲು ಹೇಳುವುದು ಅದನ್ನೇ. ನಾನು ಪಿಸ್ತೂಲನ್ನು ಕೈಗೂ ತೆಗೆದುಕೊಳ್ಳಲಿಲ್ಲ. "ಅದಕ್ಕೇನೂ ಆಗಿಲ್ಲ ಕಣೋ. ನಾನು ಮಾಡಿದ್ದು ಅದು! ನಿನ್ನ ಕೈಯೇ ಒದ್ದೆ ಬಟ್ಟೆ ಇದ್ದಂಗಿದೆ" ಎಂದೆ. ಎಲ್ಲರೂ ನಕ್ಕರು. ಅವನೂ ನಕ್ಕ. "ಸರಿ ಮಾವ, ಕೈ ಗಟ್ಟಿ ಮಾಡ್ಕೋತೀನಿ" ಎಂದು ಹೊರಟುಹೋದ.

ಗಟ್ಟಿ ಮಾಡಿಕೊಂಡಿದ್ದ ತಂಗಿ. ಅವನ ಬೆರಳುಗಳಿಂದ ಪಿಸ್ತೂಲು ಬಿಡಿಸಲು ಇಬ್ಬರು ಬೇಕಾಯಿತಂತೆ.